ನ್ಯೂಜಿಲೆಂಡಿನ ಸರ್ಕಾರಿ ಶಾಲೆಗಳಲ್ಲಿ ಮಾವೊರಿ ಭಾಷೆ ಮತ್ತು ಸಂಸ್ಕೃತಿ

ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳ ಭಾಷೆ, ಆಚಾರ, ಚರಿತ್ರೆಗಳನ್ನು ಅಲ್ಲಿನ ಸರ್ಕಾರಿ ಶಾಲೆ ಮೊದಲು ಹೊರಗಿಟ್ಟು, ಬಹುಕಾಲದ ಮೇಲೆ ಒಳಗೆ ಕರೆದುಕೊಂಡ ಇತಿಹಾಸ ಎರಡು ಶತಮಾನಗಳಷ್ಟು ಉದ್ದದ್ದು. ಮಾವೊರಿಗಳು ತಮ್ಮ ಭಾಷೆಯನ್ನು ತೆ ರೆಯೊ ಎಂದೂ ಯುರೋಪಿನಿಂದ ಬಂದು ನೆಲೆಸಿದವರನ್ನು ಪಾಕೆಹಾ ಎಂದೂ ಕರೆಯುತ್ತಾರೆ. ಇದನ್ನು ಬರೀ ದಬ್ಬಾಳಿಕೆಯ ಕಥೆಯೆಂದು ಓದಿದರೆ ಅರ್ಧವಷ್ಟೇ ತಿಳಿದಂತಾಗುತ್ತದೆ. ಶಾಲೆ ಬೇಕೆಂದು ಕೇಳಿ, ಅದಕ್ಕೆ ಜಮೀನು ಬಿಟ್ಟುಕೊಟ್ಟವರು ಮಾವೊರಿಗಳೇ. ಭಾಷೆ ಕೈತಪ್ಪಿದ ಮೇಲೆ ಅದನ್ನು ಮತ್ತೆ ಎತ್ತಿ ನಿಲ್ಲಿಸಿದವರೂ ಅವರೇ. ಸರ್ಕಾರ ಹಿಂದಿನಿಂದ ಬಂದು ಸೇರಿಕೊಂಡಿತು.

ದೇಶದ ಮೊದಲ ಶಾಲೆ ಮಿಷನರಿಗಳದು. ಥಾಮಸ್ ಕೆಂಡಾಲ್ 1816ರ ಆಗಸ್ಟಿನಲ್ಲಿ ಉತ್ತರದ ಬೇ ಆಫ್ ಐಲೆಂಡ್ಸ್ ಪ್ರದೇಶದ ರಂಗಿಹೊವಾದಲ್ಲಿ 33 ಮಕ್ಕಳೊಡನೆ ಅದನ್ನು ತೆರೆದ. ಮಾವೊರಿ ಭಾಷೆಯ ಮೊದಲ ಪುಸ್ತಕವನ್ನು ಅವನು ಹಿಂದಿನ ವರ್ಷವೇ ಸಿಡ್ನಿಯಲ್ಲಿ ಅಚ್ಚು ಹಾಕಿಸಿದ್ದ. ಶಾಲೆ ಎರಡು ವರ್ಷಕ್ಕೆ ಮುಚ್ಚಿತು. ಆದರೆ ಮುಂದೆ ಬಂದ ಮಿಷನ್ ಶಾಲೆಗಳು ಪಾಠ ಹೇಳಿದ್ದು ಮಾವೊರಿಯಲ್ಲೇ. ಲಿಪಿಯೇ ಇಲ್ಲದಿದ್ದ ಭಾಷೆಯಲ್ಲಿ ಓದುಬರಹ ಕೆಲವೇ ದಶಕಗಳಲ್ಲಿ ಹಳ್ಳಿಯಿಂದ ಹಳ್ಳಿಗೆ ಹಬ್ಬಿತು. 1840ರ ಫೆಬ್ರವರಿ 6ರಂದು ಬ್ರಿಟಿಷ್ ದೊರೆತನಕ್ಕೂ ಮಾವೊರಿ ನಾಯಕರಿಗೂ ವೈಟಾಂಗಿ ಒಪ್ಪಂದವಾಯಿತು. ಅದರ ಮಾವೊರಿ ಪಾಠದಲ್ಲಿ ‘ತವೊಂಗ’ ಎಂಬ ಪದವಿದೆ: ಜೋಪಾನ ಮಾಡಬೇಕಾದ ಅಮೂಲ್ಯ ವಸ್ತು ಎಂದರ್ಥ. ಆ ಒಂದು ಪದಕ್ಕೆ ಎಷ್ಟು ಬಲವಿದೆ ಎಂಬುದು ತಿಳಿಯಲು ಒಂದೂವರೆ ಶತಮಾನವೇ ಬೇಕಾಯಿತು. 1847ರ ಶಿಕ್ಷಣ ಶಾಸನ ಇಂಗ್ಲಿಷ್ ಕಲಿಸುವ ಮಿಷನ್ ಶಾಲೆಗಳಿಗೆ ಮಾತ್ರ ಅನುದಾನವೆಂದು ಗೆರೆ ಎಳೆಯಿತು.

1860ರ ದಶಕದಲ್ಲಿ ಸರ್ಕಾರಕ್ಕೂ ಮಾವೊರಿಗಳಿಗೂ ನಡೆದ ಯುದ್ಧಗಳಲ್ಲಿ ಮಿಷನ್ ಶಾಲೆಗಳು ಬಹುಪಾಲು ನಿಂತುಹೋದವು. ಆಗ ಬಂದದ್ದು 1867ರ ನೇಟಿವ್ ಸ್ಕೂಲ್ಸ್ ಕಾಯಿದೆ. ಶಾಲೆ ಬೇಕೆನ್ನುವ ಊರು ಸರ್ಕಾರಕ್ಕೆ ಅರ್ಜಿ ಹಾಕಬೇಕು, ಜಾಗ ಕೊಡಬೇಕು, ಕಟ್ಟಡದ ವೆಚ್ಚದಲ್ಲೂ ಮೇಷ್ಟ್ರ ಸಂಬಳದಲ್ಲೂ ಪಾಲು ಹೊರಬೇಕು. ಈ ಷರತ್ತುಗಳು 1871ರಲ್ಲಿ ಸಡಿಲವಾದವು. ಬೋಧನೆ ಸಾಧ್ಯವಾದಷ್ಟೂ ಇಂಗ್ಲಿಷಿನಲ್ಲಿ ಇರಬೇಕೆಂಬ ಷರತ್ತನ್ನು ಯಾರೂ ಮುಟ್ಟಲಿಲ್ಲ, ಮಾವೊರಿಗಳೂ ಕೂಡ. ವಿ ತೆ ಹಾಕಿರೊ ಎಂಬ ನಾಯಕನೂ ಇತರ 336 ಮಂದಿಯೂ 1870ರ ದಶಕದಲ್ಲಿ ಸಂಸತ್ತಿಗೆ ಸಲ್ಲಿಸಿದ ಮನವಿ ಇನ್ನೂ ಮುಂದೆ ಹೋಗಿತ್ತು: ಶಾಲೆಯಲ್ಲಿ ಮಾವೊರಿ ಮಾತು ಕೇಳಿಸಲೇಬಾರದು, ಮೇಷ್ಟ್ರಿಗೂ ಅವರ ಮನೆಯವರಿಗೂ ಆ ಭಾಷೆ ಬರಲೇಬಾರದು! ಇಂದಿಗೆ ವಿಚಿತ್ರವೆನಿಸುವ ಈ ಕೋರಿಕೆಯ ಹಿಂದಿನ ಲೆಕ್ಕ ಸರಳವಾದದ್ದು. ಮನೆ, ಹೊಲ, ಸಮುದಾಯದ ಅಂಗಳವಾದ ಮರಾಯ್, ಎಲ್ಲೆಲ್ಲೂ ಮಾವೊರಿಯೇ ತುಂಬಿತ್ತು. ಮಕ್ಕಳಿಗೆ ಸಿಗದಿದ್ದದ್ದು ಇಂಗ್ಲಿಷ್ ಒಂದೇ. ತಾಯ್ನುಡಿ ಮನೆಯಲ್ಲಿ ಹೇಗೂ ಬರುತ್ತದಲ್ಲ ಎನ್ನುತ್ತ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವ ಕನ್ನಡದ ತಂದೆತಾಯಿಗಳಿಗೆ ಈ ಲೆಕ್ಕ ಹೊಸದೇನಲ್ಲ.

1879ರಲ್ಲಿ ಈ ಶಾಲೆಗಳು ಶಿಕ್ಷಣ ಇಲಾಖೆಯ ಕೈಗೆ ಬಂದವು. ಮರುವರ್ಷ ಜೇಮ್ಸ್ ಪೋಪ್ ಎಂಬ ಇನ್ಸ್‌ಪೆಕ್ಟರು ಅವುಗಳಿಗೆ ನಿಯಮಾವಳಿ ಬರೆದ. ಕೆಳಗಿನ ತರಗತಿಗಳಲ್ಲಿ, ಇಂಗ್ಲಿಷಿಗೆ ಹತ್ತುವ ಮೆಟ್ಟಿಲಾಗಿ, ಮಾವೊರಿ ಬಳಸಲು ಅದರಲ್ಲಿ ಎಡೆಯಿತ್ತು. ಇಪ್ಪತ್ತನೆಯ ಶತಮಾನ ಕಾಲಿಟ್ಟ ಮೇಲೆ ಹಿಡಿತ ಬಿಗಿಯಾಯಿತು. ಮಕ್ಕಳು ಶಾಲೆಯ ಆವರಣದಲ್ಲಿ ತಮ್ಮ ಮಾತಾಡಿದರೆ ಏಟು ಬೀಳುವುದು ಅನೇಕ ಕಡೆ ವಾಡಿಕೆಯಾಯಿತು. ಮುಂದೆ ಸೇನಾನಿಯಾಗಿ, ಸಮುದಾಯದ ಹಿರಿಯರಾಗಿ ಹೆಸರಾದ ಸರ್ ಜೇಮ್ಸ್ ಹೆನಾರೆ ತಮ್ಮ ಬಾಲ್ಯವನ್ನು, ಒಪ್ಪಂದ ಮುರಿದ ದೂರುಗಳನ್ನು ವಿಚಾರಿಸುವ ವೈಟಾಂಗಿ ನ್ಯಾಯಮಂಡಳಿಯ ಮುಂದೆ ಹೇಳಿಕೊಂಡರು: ಮಾವೊರಿ ಆಡಿದ ತಪ್ಪಿಗೆ ಅವರನ್ನು ಕಾಡಿಗೆ ಕಳಿಸಿ, ಅವರ ಕೈಯಿಂದಲೇ ಬಳ್ಳಿ ಕಡಿಸಿ ತರಿಸಿ, ಅದರಿಂದಲೇ ಬಾರಿಸುತ್ತಿದ್ದರು.

ಕಲಿಯುವ ಎತ್ತರಕ್ಕೂ ಮಿತಿ ಹಾಕುವ ಪ್ರಯತ್ನ ನಡೆಯಿತು. ಅಪಿರಾನಾ ನಾಟಾ, ತೆ ರಂಗಿ ಹಿರೋವಾ ಅವರಂಥ ನಾಯಕರನ್ನು ಕೊಟ್ಟ ತೆ ಔಟೆ ಕಾಲೇಜು (ಇದು ಚರ್ಚಿನ ಶಾಲೆ) ಮಾವೊರಿ ಹುಡುಗರನ್ನು ವಿಶ್ವವಿದ್ಯಾಲಯಕ್ಕೆ ಸಿದ್ಧಮಾಡುತ್ತಿತ್ತು. ಅವರಿಗೆ ಬೇಕಾದದ್ದು ಬೇಸಾಯದ ಪಾಠ ಎಂದು 1906ರ ಸರ್ಕಾರಿ ಆಯೋಗ ಒತ್ತಾಯಿಸಿತು. ಮುಖ್ಯೋಪಾಧ್ಯಾಯ ಜಾನ್ ಥಾರ್ನ್‌ಟನ್ ಇದಕ್ಕೆ ಒಪ್ಪಲಿಲ್ಲ.

ಬರೀ ಶಾಲೆಯ ಬೆತ್ತ ಒಂದು ಭಾಷೆಯನ್ನು ಕೊಂದಿತೆನ್ನುವುದು ಪೂರ್ತಿ ಸತ್ಯವಲ್ಲ. 1913ರಲ್ಲಿ ಮಾವೊರಿ ಶಾಲಾಮಕ್ಕಳಲ್ಲಿ ಶೇ. 90ರಷ್ಟು ಮಂದಿಗೆ ತಮ್ಮ ಭಾಷೆ ಬರುತ್ತಿತ್ತು, 1953ಕ್ಕೆ ಶೇ. 26, 1975ಕ್ಕೆ ಶೇ. 5ಕ್ಕೂ ಕಡಿಮೆ. ಎರಡನೆಯ ಮಹಾಯುದ್ಧದ ಬಳಿಕ ಕೆಲಸ ಹುಡುಕಿಕೊಂಡು ಜನ ನಗರಗಳಿಗೆ ಗುಳೆ ಹೋದರು. ಅಲ್ಲಿ ಸರ್ಕಾರ ಮಾವೊರಿ ಕುಟುಂಬಗಳನ್ನು ಪಾಕೆಹಾ ಮನೆಗಳ ನಡುವೆ ಒಂದೊಂದಾಗಿ ಚೆದುರಿಸಿ ಇರಿಸಿತು. ಏಟು ತಿಂದು ಬೆಳೆದ ತಂದೆತಾಯಿ ತಮ್ಮ ಮಕ್ಕಳ ಜೊತೆ ಇಂಗ್ಲಿಷಿನಲ್ಲೇ ಮಾತಾಡಿದರು. ಮನೆಯಲ್ಲಿ ಹೇಗೂ ಬರುತ್ತದೆ ಎಂಬ ಲೆಕ್ಕ ತಪ್ಪಿದ್ದು ಹೀಗೆ. ಪ್ರತ್ಯೇಕ ಮಾವೊರಿ ಶಾಲೆಗಳು 1969ರಲ್ಲಿ ಸಾಮಾನ್ಯ ಶಾಲೆಗಳೊಡನೆ ಒಂದಾದವು.

ಶಾಲೆಯ ಪುಸ್ತಕದಲ್ಲಿ ಮಾವೊರಿ ಬದುಕನ್ನು ಯಾರು, ಹೇಗೆ ತೋರಿಸಬೇಕು ಎಂಬ ಪ್ರಶ್ನೆ 1964ರಲ್ಲಿ ಬೀದಿಗೆ ಬಂತು. ಛಾಯಾಗ್ರಾಹಕಿ ಆನ್ಸ್ ವೆಸ್ಟ್ರಾ ಹಳ್ಳಿಯೊಂದರ ಮಾವೊರಿ ಕುಟುಂಬದ ಬಟ್ಟೆ ಒಗೆಯುವ ದಿನವನ್ನು ಚಿತ್ರಿಸಿ ‘ವಾಷ್‌ಡೇ ಅಟ್ ದ ಪಾ’ ಎಂಬ ಪುಸ್ತಿಕೆ ಮಾಡಿದ್ದರು. ಪ್ರಾಥಮಿಕ ಶಾಲೆಗಳಿಗೆಂದು ಸರ್ಕಾರ ಅದರ 38,000 ಪ್ರತಿ ಅಚ್ಚು ಹಾಕಿಸಿತು. ಮಗು ಒಲೆಯ ಮೇಲೆ ನಿಂತು ಕಾಲು ಬೆಚ್ಚಗೆ ಮಾಡಿಕೊಳ್ಳುವ ಚಿತ್ರವೂ ಅದರಲ್ಲಿತ್ತು. ಇದು ನಮ್ಮ ಮಡಿಗೆ ವಿರುದ್ಧ, ತರಗತಿಯಲ್ಲಿ ನಮ್ಮ ಮಕ್ಕಳು ನಗೆಪಾಟಲಾಗುತ್ತಾರೆ ಎಂದು ಮಾವೊರಿ ಮಹಿಳಾ ಕಲ್ಯಾಣ ಸಂಘ ಪ್ರತಿಭಟಿಸಿತು. ಸರ್ಕಾರ ಪ್ರತಿಗಳನ್ನು ಹಿಂದಕ್ಕೆ ತರಿಸಿ ನಾಶಮಾಡಿತು. ಚಿತ್ರಗಳಲ್ಲಿ ಪ್ರೀತಿಯಿತ್ತು, ಆದರೆ ಪುಸ್ತಿಕೆಯನ್ನು ಮಕ್ಕಳ ಕೈಗೆ ಕೊಡುವ ಮುನ್ನ ಆ ಮಕ್ಕಳ ತಾಯಂದಿರನ್ನು ಯಾರೂ ಕೇಳಿರಲಿಲ್ಲ.

1972ರ ಸೆಪ್ಟೆಂಬರ್ 14ರಂದು ‘ನಾ ತಮಾಟೋವಾ’ ಎಂಬ ಯುವಜನರ ಗುಂಪೂ ವಿಶ್ವವಿದ್ಯಾಲಯದ ಭಾಷಾಪ್ರೇಮಿಗಳೂ ಸೇರಿ 30,000ಕ್ಕೂ ಮಿಕ್ಕಿದ ಸಹಿಗಳ ಅರ್ಜಿಯನ್ನು ಸಂಸತ್ತಿನ ಮುಂದಿಟ್ಟರು. ಶಾಲೆಗಳಲ್ಲಿ ಮಾವೊರಿ ಕಲಿಸಿ ಎಂಬುದೇ ಅವರ ಕೋರಿಕೆ. ಆ ದಶಕದ ಕೊನೆಯ ಹೊತ್ತಿಗೆ ರುವಾಟೊಕಿಯಲ್ಲಿ ಮೊದಲ ಅಧಿಕೃತ ದ್ವಿಭಾಷಾ ಶಾಲೆ ನಡೆಯುತ್ತಿತ್ತು. ಆಕ್ಲೆಂಡಿನ ಓಟಾರಾದಲ್ಲಿ 1976ರಲ್ಲಿ ಪ್ರೌಢಶಾಲೆಗಳ ನಡುವೆ ಹಾಡು, ಕುಣಿತದ ಸ್ಪರ್ಧೆ ಶುರುವಾಯಿತು. ಇಂದಿನ ಪಾಲಿಫೆಸ್ಟ್ ಹಬ್ಬದ ಮೂಲ ಅದೇ.

ನಿಜವಾದ ತಿರುವು ಕಂಡದ್ದು ಶಾಲೆಯ ಹೊರಗೆ. 1982ರ ಏಪ್ರಿಲಿನಲ್ಲಿ ವೆಲಿಂಗ್ಟನ್ ಬಳಿಯ ವೈನುಯಿಯೊಮಾಟದಲ್ಲಿ ಮೊದಲ ‘ಕೋಹಂಗ ರೆಯೊ’ ತೆರೆಯಿತು. ಹೆಸರಿನ ಅರ್ಥ ಭಾಷೆಯ ಗೂಡು. ಭಾಷೆ ಉಳಿದಿದ್ದದ್ದು ಅಜ್ಜ ಅಜ್ಜಿಯರ ಬಾಯಲ್ಲಿ; ಅದು ಬೇಕಾಗಿದ್ದದ್ದು ಮೊಮ್ಮಕ್ಕಳಿಗೆ. ನಡುವಿನ ತಲೆಮಾರನ್ನು ದಾಟಿ ಈ ಎರಡು ತುದಿಗಳನ್ನು ಒಂದೇ ಚಾಪೆಯ ಮೇಲೆ ಕೂರಿಸಿದ್ದೇ ಅದರ ಉಪಾಯ. ಅಲ್ಲಿ ಇಂಗ್ಲಿಷಿಗೆ ಪ್ರವೇಶವಿಲ್ಲ. ಆಟ, ಊಟ, ಜಗಳ, ಎಲ್ಲವೂ ಮಾವೊರಿಯಲ್ಲೇ. 1993ರ ವೇಳೆಗೆ ಇಂಥ 809 ಗೂಡುಗಳಲ್ಲಿ 14,514 ಮಕ್ಕಳಿದ್ದರು. ಹವಾಯಿಯವರು 1984ರಲ್ಲಿ ಇದೇ ಮಾದರಿಯನ್ನು ತಮ್ಮ ಭಾಷೆಗೆ ಎತ್ತಿಕೊಂಡರು.

ಆದರೆ ಗೂಡಿನಿಂದ ಹಾರಿದ ಮಕ್ಕಳು ಇಂಗ್ಲಿಷ್ ಶಾಲೆ ಸೇರಿದ ಕೆಲವೇ ವಾರಗಳಲ್ಲಿ ಭಾಷೆ ಬಿಡತೊಡಗಿದರು. ಅದಕ್ಕೇ 1985ರಲ್ಲಿ ಆಕ್ಲೆಂಡಿನ ಹೊವಾನಿ ವೈಟಿಟಿ ಮರಾಯ್‌ನಲ್ಲಿ ‘ಕುರಾ ಕೌಪಪ ಮಾವೊರಿ’, ಎಂದರೆ ಮಾವೊರಿ ಭಾಷೆಯಲ್ಲಿ, ಮಾವೊರಿ ವಿಚಾರಕ್ರಮದಲ್ಲಿ ನಡೆಯುವ ಶಾಲೆ, ಸರ್ಕಾರದ ನೆರವಿಲ್ಲದೆ ಆರಂಭವಾಯಿತು. ಅದೇ ಕಾಲಕ್ಕೆ ಹುಯಿರಂಗಿ ವೈಕೆರೆಪುರು ಮತ್ತು ಸಂಗಡಿಗರು ವೈಟಾಂಗಿ ನ್ಯಾಯಮಂಡಳಿಗೆ ದೂರು ಕೊಟ್ಟಿದ್ದರು. ಭಾಷೆಯೂ ಒಪ್ಪಂದ ಹೇಳುವ ‘ತವೊಂಗ’ವೇ, ಅದನ್ನು ಕಾಯುವುದು ಸರ್ಕಾರದ ಹೊಣೆ ಎಂದು ಮಂಡಳಿ 1986ರಲ್ಲಿ ತೀರ್ಮಾನಿಸಿತು. 1987ರಲ್ಲಿ ಮಾವೊರಿ ಅಧಿಕೃತ ಭಾಷೆಯಾಯಿತು. 1989ರ ಶಿಕ್ಷಣ ಕಾಯಿದೆ ಕುರಾಗಳನ್ನು ಸರ್ಕಾರಿ ಶಾಲೆಗಳೆಂದು ಒಪ್ಪಿಕೊಂಡಿತು.

ಇಷ್ಟಾದರೂ ಮಾವೊರಿ ಮಕ್ಕಳಲ್ಲಿ ಬಹುಪಾಲು ಓದುವುದು ಇಂಗ್ಲಿಷ್ ಮಾಧ್ಯಮದ ಸಾಮಾನ್ಯ ಶಾಲೆಗಳಲ್ಲೇ. ಅಲ್ಲಿ ಅವರ ಪಾಡೇನು ಎಂದು ವೈಕಾಟೊ ವಿಶ್ವವಿದ್ಯಾಲಯದ ರಸೆಲ್ ಬಿಷಪ್ 2001ರಲ್ಲಿ ಆರಂಭಿಸಿದ ‘ತೆ ಕೋಟಹಿಟಂಗ’ ಯೋಜನೆ ಮೊದಲು ಮಕ್ಕಳನ್ನೇ ಕೇಳಿತು. ಮೇಷ್ಟ್ರು ನಮ್ಮೊಡನೆ ಹೇಗಿರುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ ಎಂದರು ಮಕ್ಕಳು. ಮೇಷ್ಟ್ರುಗಳಲ್ಲಿ ಹೆಚ್ಚಿನವರು ಬೆರಳು ತೋರಿಸಿದ್ದು ಮಕ್ಕಳ ಮನೆಯತ್ತ. ಈ ಒಂದು ವ್ಯತ್ಯಾಸ ಹೇಳುವಷ್ಟನ್ನು ಎಷ್ಟೋ ದಪ್ಪ ವರದಿಗಳು ಹೇಳಿಲ್ಲ.

ಚರಿತ್ರೆಯ ಪಾಠವೂ ಬದಲಾಯಿತು, ಅದೂ ವಿದ್ಯಾರ್ಥಿಗಳಿಂದಲೇ. ಓಟೊರೊಹಂಗ ಕಾಲೇಜಿನ ಮಕ್ಕಳು 1860ರ ದಶಕದ ಯುದ್ಧಗಳು ನಡೆದ ಊರುಗಳನ್ನು ಕಂಡು ಬಂದು, ಇದನ್ನು ನಮಗೇಕೆ ಹೇಳಲಿಲ್ಲ ಎಂದು ಕೇಳಿ, 2015ರಲ್ಲಿ 12,000ಕ್ಕೂ ಹೆಚ್ಚು ಸಹಿಗಳೊಡನೆ ಸಂಸತ್ತಿಗೆ ಹೋದರು. ಯುದ್ಧಗಳ ಸ್ಮರಣೆಗೆ ರಾಷ್ಟ್ರೀಯ ದಿನ ಗೊತ್ತಾಯಿತು. 2023ರಿಂದ ದೇಶದ ಚರಿತ್ರೆ ಶಾಲೆಗಳಲ್ಲಿ ಕಡ್ಡಾಯವಾಯಿತು. ಒಪ್ಪಂದವನ್ನು ಆಚರಣೆಗೆ ತರುವ ಹೊಣೆಯನ್ನು 2020ರ ಶಿಕ್ಷಣ ಕಾಯಿದೆ ಪ್ರತಿ ಶಾಲಾ ಮಂಡಳಿಯ ಹೆಗಲಿಗೆ ಹೊರಿಸಿತ್ತು. ಸರ್ಕಾರ ಬದಲಾದ ಮೇಲೆ ಗಾಳಿ ತಿರುಗಿತು. ಶಾಲಾ ಸಿಬ್ಬಂದಿಗೆ ಮಾವೊರಿ ಕಲಿಸುತ್ತಿದ್ದ ‘ತೆ ಅಹು ಒ ತೆ ರೆಯೊ ಮಾವೊರಿ’ ತರಗತಿಗಳಿಗೆ 2024ರಲ್ಲಿ ಹಣ ನಿಂತಿತು. ಆ 3 ಕೋಟಿ ಡಾಲರ್ ಗಣಿತದ ಪುಸ್ತಕಗಳಿಗೆ ಹೋಯಿತು.