ಸೀಗಡಿ ಸುಲಿಯೋ ಕೈ

ನಮ್ ಗೌರಿಬಿದನೂರು ಕಡೆಯೋರಿಗೆ ಸೀಗಡಿ ಅಂದ್ರೆ ಸಂತೇಲಿ ಅಳೆದು ಕೊಡೋ ಒಣ ಸೀಗಡೀನೇ. ಬದನೆಕಾಯಿ ಜೊತೆ ಸಾರು ಮಾಡಿದ್ರೆ ಬೀದಿಗೆಲ್ಲಾ ವಾಸನೆ. ಕುಡುಮಲಕುಂಟೆಯಿಂದ ಮದುವೆಯಾಗಿ ಮಂಗಳೂರು ಕಡೆ ಹೋದ್ಮೇಲೇ ನಾನು ಹಸಿ ಸೀಗಡಿ ನೋಡಿದ್ದು. ನಮ್ಮತ್ತೆ ಅದನ್ನ ಎಟ್ಟಿ ಅಂತಿದ್ರು. ಹನ್ನೊಂದು ವರ್ಷ ಮೀನಿನ ಕಾರ್ಖಾನೆಯೊಂದ್ರಲ್ಲಿ ಅದನ್ನೇ ಸುಲಿದೆ. ಆ ಕೆಲಸ ಎಲ್ಲಿಂದ ಬಂತು ಅಂತ ತಂಗಿ ಕೇಳಿದ್ಲು, ಬರೀತಿದೀನಿ.

ಮೊದ್ಲು ನಮ್ ದೇಶದಿಂದ ಬರ್ಮಾ, ಸಿಲೋನಿಗೆ ಹೋಗ್ತಿದ್ದದ್ದೂ ಒಣಗಿಸಿದ್ದೇ. 1953ರಲ್ಲಿ ಕೊಚ್ಚಿಯಿಂದ ಹೆಪ್ಪುಗಟ್ಟಿಸಿದ ಸೀಗಡಿ ಅಮೆರಿಕಾಕ್ಕೆ ಹೋಯ್ತು. ಅಲ್ಲಿಂದ ಕೆಲಸದ ದಾರೀನೇ ಬೇರೆ ಆಯ್ತು. ಒಣಗಿಸೋಕೆ ಬಿಸಿಲಿದ್ರೆ ಆಯ್ತು. ಹೆಪ್ಪುಗಟ್ಟಿಸೋ ಮುಂಚೆ ತಲೆ ಮುರೀಬೇಕು, ಸಿಪ್ಪೆ ಬಿಡಿಸಬೇಕು, ಬೆನ್ನಿನ ಕರಿ ಎಳೆ ಎತ್ತಬೇಕು. ಇದಕ್ಕೆಲ್ಲಾ ಹೆಂಗಸರ ಕೈಯೇ ಬೇಕಾಯ್ತು.

ಪೌಂಡಿಗೆ 16ರಿಂದ 20 ತೂಗೋ ಸೀಗಡಿ ಒಂದು ದರ್ಜೆ, 21ರಿಂದ 25 ಇನ್ನೊಂದು. ಪೌಂಡಿನ ಕಲ್ಲನ್ನೇ ಕಾಣದೋರು ನಾವು! ಆದ್ರೂ ಪಳಗಿದ ಕೈಗೆ ಬಿದ್ದ ಕೂಡ್ಲೇ ಯಾವ ಬುಟ್ಟಿಗೆ ಅಂತ ತಿಳೀತದೆ. ಶಿಡ್ಲಘಟ್ಟದಲ್ಲಿ ಬಿಸಿನೀರೊಳಗೆ ರೇಷ್ಮೆಗೂಡಿನ ಎಳೆ ಹುಡುಕ್ತಾರಲ್ಲ, ಹಂಗೇ ಕಣ್ರಮ್ಮ. ಅಲ್ಲಿ ಬೆರಳು ಬೇಯ್ತದೆ, ಇಲ್ಲಿ ಐಸಲ್ಲಿ ಮರಗಟ್ತದೆ.

ನಮ್ಮತ್ತೆ ಶೆಡ್ಡಲ್ಲಿ ಕುಕ್ಕರಗಾಲಲ್ಲಿ ಕೂತು ಸುಲಿದೋರು. 1997ರ ಆಗಸ್ಟಲ್ಲಿ ರೋಗಾಣು ಇದೆ ಅಂತ ಯುರೋಪಿನೋರು ನಮ್ ದೇಶದ ಮೀನು, ಸೀಗಡಿ ನಿಲ್ಲಿಸಿಬಿಟ್ರು. ಆಮೇಲೆ, ಪರೀಕ್ಷೆ ಮಾಡಿ ಒಪ್ಪಿದ ಕಾರ್ಖಾನೆಗಳಿಗಷ್ಟೇ ಬಾಗಿಲು ತೆಗೆದ್ರು. ಹಂಗಾಗಿ ನಮ್ ಕಾಲಕ್ಕೆ ಟೈಲ್ಸು, ಸ್ಟೀಲ್ ಮೇಜು, ಗಂಬೂಟು, ಟೋಪಿ. ಒಳಗೆ ಹೋಗೋ ಮುಂಚೆ ಕ್ಲೋರಿನ್ ನೀರಲ್ಲಿ ಕೈ ಅದ್ದಬೇಕು. ಸೀಗಡಿಗೆ ಒಳ್ಳೇದೇ ಆಯ್ತು ಬಿಡಿ. ಮುಳ್ಳು ಚುಚ್ಚಿದ ಬೆರಳಿಗೆ ಆ ನೀರು ತಾಗಿದ್ರೆ ಮಾತ್ರ ಜೀವ ಹೋಗೋದು.

ಕೂಲಿ ಹಳೇ ಥರಾನೇ, ಬೇಸಿನ್ ಲೆಕ್ಕ. ಜೂನ್, ಜುಲೈಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯಂಗಿಲ್ಲ. ಆಗ ನಮಗೆ ಬೇಸಿನ್ನೂ ಇಲ್ಲ, ಕಾಸೂ ಇಲ್ಲ.

ಈಗ ನಮ್ಮೂರ ಹತ್ರಾನೇ ಕೈಗಾರಿಕಾ ಪ್ರದೇಶ ಆಗಿದೆ. ಅಲ್ಲೊಂದು ಕಡೆ ಕೆಲಸ ಕೇಳಿ, ಅರ್ಜೀಲಿ ಹನ್ನೊಂದು ವರ್ಷ ಅನುಭವ ಅಂತ ಬರೆದೆ. ಪತ್ರ ತನ್ನಿ ಅಂದ್ರು. ಒಂದೊಂದು ಬೇಸಿನ್ನಿಗೆ ಒಂದೊಂದು ತಗಡಿನ ಬಿಲ್ಲೆ ಕೊಡ್ತಿದ್ರು, ಅಷ್ಟೇ. ಸಂಜೆ ಅದನ್ನೂ ವಾಪಸ್ ಕೊಟ್ಟೇ ಕಾಸು ಇಸ್ಕೋಬೇಕಿತ್ತು.