ಬಲೆಗೆ ಬಿದ್ದು ಬದುಕಿದವರು



ನೀವು ಮುಂಬಯಿಯಲ್ಲಿರಿ, ಪುಣೆಯಲ್ಲಿರಿ, ಹೈದರಾಬಾದಿನಲ್ಲಿರಿ, ಕಿಟಕಿ ತೆರೆದರೆ ಯಾವುದೋ ಒಂದು ಕಟ್ಟಡ ಮೇಲೇಳುತ್ತಿರುವುದು ಕಾಣುತ್ತದೆ. ಕೆಲವು ಕಡೆ ಮಹಡಿಗಳ ಅಂಚಿನಿಂದ ಹೊರಕ್ಕೆ ಚಾಚಿದ ದಪ್ಪ ಹಗ್ಗದ ಬಲೆಯನ್ನೂ ನೋಡಿರುತ್ತೀರಿ. ಎತ್ತರದಲ್ಲಿ ದುಡಿಯುವವರ ಕೆಳಗೆ ಇಂಥ ಬಲೆ ಕಟ್ಟಬೇಕೆಂಬುದನ್ನು ಜಗತ್ತಿಗೆ ದೊಡ್ಡದಾಗಿ ತೋರಿಸಿಕೊಟ್ಟದ್ದು ಒಂದು ಸೇತುವೆ. ಈ ಸಲ ಅದರ ಕತೆ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗೋಲ್ಡನ್ ಗೇಟ್ ಸೇತುವೆಯ ಕೆಲಸ ಶುರುವಾದದ್ದು 1933ರ ಜನವರಿ 5ರಂದು. ಆ ಕಾಲದ ಗುತ್ತಿಗೆದಾರರಲ್ಲಿ ಒಂದು ಲೆಕ್ಕಾಚಾರವಿತ್ತು. ಹತ್ತು ಲಕ್ಷ ಡಾಲರ್ ಖರ್ಚಿಗೆ ಒಂದು ಜೀವ ಹೋಗುತ್ತದೆ ಎಂದು! ಸೇತುವೆಯ ಖರ್ಚು ಸುಮಾರು ಮೂರೂವರೆ ಕೋಟಿ ಡಾಲರ್. ಅಂದರೆ 35 ಸಾವು ಸಹಜವೆಂದೇ ಎಣಿಕೆ. ಆರ್ಥಿಕ ಕುಸಿತದ ದಿನಗಳವು. ಒಬ್ಬ ಬಿದ್ದರೆ ಅವನ ಜಾಗಕ್ಕೆ ಬರಲು ಹೊರಗೆ ಹತ್ತಾರು ಜನ ಕಾಯುತ್ತಿದ್ದರು.

ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ ಈ ಲೆಕ್ಕವನ್ನು ಒಪ್ಪಲಿಲ್ಲ. ತಲೆಗೆ ಗಟ್ಟಿ ಟೋಪಿ ಕಡ್ಡಾಯ ಮಾಡಿದರು. ಎಡ್ವರ್ಡ್ ಬುಲ್ಲಾರ್ಡ್ ಎಂಬವರು ಗಣಿ ಕಾರ್ಮಿಕರಿಗಾಗಿ ರೂಪಿಸಿದ್ದ ಟೋಪಿಯೇ ಇಲ್ಲಿ ಸೇತುವೆ ಕೆಲಸಕ್ಕೆ ಬಂತು. ಬಿಸಿಲ ಝಳಕ್ಕೆ ಕಣ್ಣು ಕೋರೈಸದಂತೆ ಕನ್ನಡಕ, ಸಮುದ್ರದ ಗಾಳಿಗೆ ಮುಖ, ಕೈ ಒಡೆಯದಂತೆ ಮುಲಾಮು, ತಲೆಸುತ್ತು ಬಾರದಂತೆ ವಿಶೇಷ ಆಹಾರ, ಎಲ್ಲವನ್ನೂ ಯೋಚಿಸಿದರು. ಮೇಲೆ ನಿಂತು ಸಾಹಸ ತೋರಿಸುವವರನ್ನು ಮುಲಾಜಿಲ್ಲದೆ ಕೆಲಸದಿಂದ ತೆಗೆಯುವುದಾಗಿ ಎಚ್ಚರಿಸಿದರು.

ಎಲ್ಲಕ್ಕಿಂತ ದೊಡ್ಡದು ಬಲೆ. ರಸ್ತೆಯ ಭಾಗವನ್ನು ಜೋಡಿಸುವ ಹೊತ್ತಿಗೆ, ಸರ್ಕಸ್ಸಿನ ಬಲೆಯಂಥದ್ದೇ ಹಗ್ಗದ ಬಲೆಯನ್ನು ಸೇತುವೆಯ ಕೆಳಗೆ ಈ ದಡದಿಂದ ಆ ದಡದವರೆಗೆ ಹರಡಿದರು. ಅಗಲವೂ ಸೇತುವೆಗಿಂತ ಆಚೀಚೆ ಹತ್ತತ್ತು ಅಡಿ ಹೆಚ್ಚು. ಖರ್ಚು ಸುಮಾರು 1,30,000 ಡಾಲರ್. ಕೆಳಗೆ 200 ಅಡಿಗೂ ಆಳದಲ್ಲಿ ಕೊರೆಯುವ ತಣ್ಣೀರಿನ ಸೆಳವು. ಆ ಬಲೆಗೆ 19 ಜನ ಬಿದ್ದರು, 19 ಜನವೂ ಬದುಕಿದರು! ತಮಾಷೆಗೆ ಅವರು ತಮ್ಮ ಬಳಗಕ್ಕೆ 'ನರಕದ ಅರ್ಧದಾರಿ ಕಂಡವರ ಸಂಘ' ಎಂಬರ್ಥದ ಹೆಸರಿಟ್ಟುಕೊಂಡರು.

1936ರ ಅಕ್ಟೋಬರ್ 21ರವರೆಗೆ ಒಂದೂ ಸಾವಿಲ್ಲ. ಅಂದು ಮೊದಲ ಜೀವ ಹೋಯಿತು. ಆಮೇಲೆ ಬಂದದ್ದು 1937ರ ಫೆಬ್ರವರಿ 17. ರಸ್ತೆಯ ತಳದ ಹಲಗೆ ಬಿಚ್ಚಲು ತೂಗುಬಿಟ್ಟಿದ್ದ ಭಾರಿ ಅಟ್ಟಣಿಗೆಯೊಂದು ಕಳಚಿ, ಮೇಲಿದ್ದ 12 ಜನರ ಸಮೇತ ಬಲೆಯ ಮೇಲೆ ಬಿತ್ತು. ಬಲೆ ಹರಿಯಿತು. ಹತ್ತು ಜನ ಸತ್ತರು, ಇಬ್ಬರು ಉಳಿದರು. ಬಲೆಯನ್ನು ಹೆಣೆದದ್ದು ಮನುಷ್ಯನ ಭಾರಕ್ಕೆ, ಟನ್‌ಗಟ್ಟಲೆ ಅಟ್ಟಣಿಗೆಯ ಭಾರಕ್ಕಲ್ಲ. ಅದೇ ವರ್ಷ ಮೇ 27ರಂದು ಸೇತುವೆ ಜನರಿಗೆ ತೆರೆಯಿತು. ಒಟ್ಟು ಸಾವು ಹನ್ನೊಂದು.

ಮೂವತ್ತೈದು ಎಂದುಕೊಂಡಲ್ಲಿ ಹನ್ನೊಂದು. ಇದು ಅದೃಷ್ಟವಲ್ಲ ಕೇಳುಗರೇ, ಯಾರೋ ಒಬ್ಬರು ದುಡ್ಡು ಕೊಡಲು ಮನಸ್ಸು ಮಾಡಿದ್ದರ ಫಲ. ಆ ಹನ್ನೊಂದೂ ಒಂದು ಪಾಠ ಹೇಳುತ್ತವೆ. ಬಲೆ ಕೊನೆಯ ಆಸರೆ ಮಾತ್ರ, ನಿಂತ ಹಲಗೆಯೇ ಮೊದಲು ಗಟ್ಟಿಯಾಗಿರಬೇಕು.

ನಮ್ಮ ದೇಶದಲ್ಲಿ ಕಟ್ಟಡ ಕಾರ್ಮಿಕರಿಗಾಗಿಯೇ ಪ್ರತ್ಯೇಕ ಕಾಯಿದೆ ಬಂದದ್ದು 1996ರಲ್ಲಿ. 1998ರ ಕೇಂದ್ರ ನಿಯಮಗಳಲ್ಲಿ ಸುರಕ್ಷತಾ ಬೆಲ್ಟ್, ಬಲೆಗಳ ಮಾತೂ ಬಂತು. ಆದರೆ ಕಾಗದದ ಮೇಲಿನ ಬಲೆ ಬಿದ್ದವರನ್ನು ಹಿಡಿಯುವುದಿಲ್ಲವಲ್ಲ! ನಮ್ಮ ನಿಮ್ಮ ಊರುಗಳಲ್ಲಿ ಸಾರುವೆ ಏರುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಗುಳೆ ಬಂದವರೂ ಇದ್ದಾರೆ. ನಮ್ಮದೇ ಮಾತಾಡುವವರು.

ನಿಮ್ಮ ಸೊಸೈಟಿಯ ಗೋಡೆಗೆ ಬಣ್ಣ ಬಳಿಯಲು ಹಗ್ಗ ಇಳಿಬಿಟ್ಟಾಗ ಗುತ್ತಿಗೆದಾರರನ್ನು ಒಂದು ಮಾತು ಕೇಳಿ: ಬೆಲ್ಟ್ ಇದೆಯೇ? ಅದನ್ನು ಯಾವುದಕ್ಕೆ ಕಟ್ಟಿದ್ದೀರಿ? ದರ ತುಸು ಹೆಚ್ಚಾದೀತು. ಹತ್ತು ಲಕ್ಷಕ್ಕೊಂದು ಜೀವ ಎಂಬ ಹಳೆಯ ಲೆಕ್ಕಕ್ಕಿಂತ ಅದು ಅಗ್ಗವೇ.