ಪ್ರಯಾಣಿಕನ ಕೈಗಡಿಯಾರ: ಗೋಪುರದ ಅಲೆಯಿಂದ ಉಪಗ್ರಹದ ಸಂಕೇತದವರೆಗೆ

ದೂರ ಪ್ರಯಾಣ ಮಾಡುವವನ ಕೈಗಡಿಯಾರವು ಉತ್ತರಿಸಬೇಕಾದ ಪ್ರಶ್ನೆಗಳು ಎರಡು. ಈಗಿನ ಕ್ಷಣ ಖಚಿತವಾಗಿ ಯಾವುದು ಎಂಬುದು ಒಂದು. ಆ ಕ್ಷಣವನ್ನು ತಾನು ಬಂದಿಳಿದ ಊರಿನವರು ಎಷ್ಟು ಗಂಟೆ ಎಂದು ಲೆಕ್ಕಹಾಕುತ್ತಾರೆ ಎಂಬುದು ಇನ್ನೊಂದು. ಮೊದಲನೆಯದು ಭೌತವಿಜ್ಞಾನಕ್ಕೆ ಸೇರಿದ್ದು, ಎರಡನೆಯದು ಸರ್ಕಾರಗಳ ಶಾಸನಕ್ಕೆ ಸೇರಿದ್ದು. ಬೆಳಕಿನಿಂದ ಶಕ್ತಿ ಪಡೆದು ಉಪಗ್ರಹದ ಸಂಕೇತಕ್ಕೆ ತಮ್ಮ ಮುಳ್ಳುಗಳನ್ನು ಹೊಂದಿಸಿಕೊಳ್ಳುವ ಕೈಗಡಿಯಾರಗಳು 2011 ಮತ್ತು 2012ರಲ್ಲಿ ಜಪಾನಿನಿಂದ ಹೊರಬಂದಾಗ, ಅವುಗಳ ನಿಖರತೆಯೇ ಹೆಚ್ಚು ಪ್ರಚಾರ ಪಡೆಯಿತು. ಆದರೆ ಸೆಕೆಂಡಿನ ನಿಖರತೆ ಪ್ರಯಾಣಿಕನಿಗೆ ಅಷ್ಟೇನೂ ಬೇಕಾಗಿರಲಿಲ್ಲ. ಎರಡನೆಯ ಪ್ರಶ್ನೆಗೂ ಅದೇ ಯಂತ್ರ ಉತ್ತರ ಕೊಟ್ಟದ್ದು, ಅದೂ ಭೂಮಿಯ ಯಾವ ಮೂಲೆಯಲ್ಲಿ ನಿಂತು ಕೇಳಿದರೂ ಕೊಟ್ಟದ್ದು, ಅವುಗಳ ನಿಜವಾದ ಆಕರ್ಷಣೆ.

ಈ ಎರಡು ಪ್ರಶ್ನೆಗಳು ಬೇರೆಬೇರೆ ಎಂಬ ಅರಿವು ರೈಲಿಗಿಂತ ಹಿಂದಿನ ಕಾಲದ ಜನಸಾಮಾನ್ಯರಿಗೆ ಬೇಕಾಗಿರಲಿಲ್ಲ. ದಿನವನ್ನು 60 ಘಳಿಗೆಗಳಾಗಿ, ಅಂದರೆ 24 ನಿಮಿಷಗಳ ತುಂಡುಗಳಾಗಿ, ಸೂರ್ಯೋದಯದಿಂದ ಎಣಿಸುವ ಪದ್ಧತಿಯಲ್ಲಿ ಪ್ರತಿ ಊರಿಗೂ ಅದರದೇ ಸೂರ್ಯೋದಯ, ಅದರದೇ ಗಣನೆ. ಉಜ್ಜಯಿನಿಯ ರೇಖೆಯನ್ನು ಆಧಾರವಾಗಿಟ್ಟುಕೊಂಡು ಲೆಕ್ಕಹಾಕಿದ್ದನ್ನು ಬೇರೆ ಊರಿಗೆ ಅನ್ವಯಿಸುವಾಗ ಮಾಡಬೇಕಾದ ತಿದ್ದುಪಡಿಗೆ ಜ್ಯೋತಿಷ ಸಿದ್ಧಾಂತಗಳಲ್ಲಿ ದೇಶಾಂತರ ಸಂಸ್ಕಾರ ಎಂಬ ಹೆಸರಿತ್ತು. ಅದು ಪಂಚಾಂಗಕರ್ತನ ಕೆಲಸವಾಗಿತ್ತೇ ಹೊರತು ಪಯಣಿಗನದಾಗಿರಲಿಲ್ಲ, ಏಕೆಂದರೆ ಎತ್ತಿನ ಗಾಡಿಯ ವೇಗದಲ್ಲಿ ದಿನಕ್ಕೆ ಬೀಳುವ ವ್ಯತ್ಯಾಸ ಯಾರ ಗಮನಕ್ಕೂ ಬಾರದಷ್ಟು ಸಣ್ಣದು. ರೈಲು ಈ ನಿಶ್ಚಿಂತೆಯನ್ನು ಕೆಡಿಸಿತು. 1864ರಲ್ಲಿ ಜೋಲಾರಪೇಟೆಯ ಮೂಲಕ ಮದ್ರಾಸಿನ ರೈಲುಮಾರ್ಗ ಬೆಂಗಳೂರು ದಂಡನ್ನು ಮುಟ್ಟಿತು. ರೇಖಾಂಶದ ಲೆಕ್ಕದಂತೆ ಬೆಂಗಳೂರಿನ ಸೌರಕಾಲವು ಮದ್ರಾಸಿನದಕ್ಕಿಂತ ಸುಮಾರು 11 ನಿಮಿಷ ಹಿಂದಿದೆ, ಮತ್ತು ವೇಳಾಪಟ್ಟಿ ಇಟ್ಟುಕೊಂಡು ಓಡುವ ಗಾಡಿಗೆ 11 ನಿಮಿಷ ಕಡಿಮೆಯೇನಲ್ಲ. ಈಸ್ಟ್ ಇಂಡಿಯಾ ಕಂಪನಿ 1792ರಲ್ಲಿ ಸ್ಥಾಪಿಸಿದ್ದ ಮದ್ರಾಸು ವೀಕ್ಷಣಾಲಯದ ಕಾಲವೇ ಕ್ರಮೇಣ ಭಾರತದ ರೈಲುಗಳ ಕಾಲವಾಯಿತು. 1884ರ ವಾಷಿಂಗ್ಟನ್ ಸಮ್ಮೇಳನವು ಗ್ರೀನಿಚ್‌ನ ರೇಖೆಯನ್ನು ಮೂಲರೇಖೆಯಾಗಿ ಒಪ್ಪಿದ ಮೇಲೆ, 82.5 ಡಿಗ್ರಿ ಪೂರ್ವ ರೇಖಾಂಶವನ್ನು ಆಧರಿಸಿದ, ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿರುವ ಭಾರತೀಯ ಶಿಷ್ಟ ಕಾಲವು 1906ರ ಜನವರಿ 1ರಿಂದ ಜಾರಿಗೆ ಬಂತು. ಆದರೂ ಕಲ್ಕತ್ತೆ 1948ರವರೆಗೆ, ಮುಂಬಯಿ 1955ರವರೆಗೆ ತಮ್ಮ ತಮ್ಮ ಕಾಲವನ್ನು ಬಿಟ್ಟುಕೊಡಲಿಲ್ಲ. ಕಲ್ಕತ್ತೆಯ ಕಾಲವು ಶಿಷ್ಟ ಕಾಲಕ್ಕಿಂತ ಸುಮಾರು 24 ನಿಮಿಷ, ಎಂದರೆ ಒಂದು ಘಳಿಗೆ, ಮುಂದಿತ್ತು. ಮುಂಬಯಿಯದು 39 ನಿಮಿಷ ಹಿಂದೆ. ಸ್ವತಂತ್ರ ಭಾರತದ ಪ್ರಯಾಣಿಕನೂ ಕೆಲವು ವರ್ಷ ದೇಶದೊಳಗೇ ಎರಡು ಕಾಲಗಳ ಲೆಕ್ಕ ಇಟ್ಟುಕೊಳ್ಳಬೇಕಾಗಿತ್ತು.

ಆಗಿನ ಕೈಗಡಿಯಾರಕ್ಕೆ ಇದಾವುದೂ ತಿಳಿಯದು. ದಿನಕ್ಕೊಮ್ಮೆ ಕೀಲಿ ಕೊಟ್ಟರೆ ಅದು ಓಡುತ್ತಿತ್ತು, ದಿನಕ್ಕೆ ಕೆಲವು ಸೆಕೆಂಡುಗಳಿಂದ ಅರ್ಧ ನಿಮಿಷದವರೆಗೆ ತಪ್ಪುತ್ತಿತ್ತು, ಆಕಾಶವಾಣಿಯ ಸಂಕೇತವನ್ನೋ ರೈಲು ನಿಲ್ದಾಣದ ಗಡಿಯಾರವನ್ನೋ ಆಧರಿಸಿ ಅದನ್ನು ತಿದ್ದಿಕೊಳ್ಳಬೇಕಾಗಿತ್ತು. ಕರ್ನಾಟಕದಲ್ಲಿ ಕೀಲಿ ಗಡಿಯಾರವೆಂದರೆ ನೆನಪಾಗುವುದು ಎಚ್‌ಎಂಟಿ. 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆಯು 1961ರಲ್ಲಿ ಕೈಗಡಿಯಾರದ ಕಾರ್ಖಾನೆಯನ್ನು ತೆರೆದದ್ದು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಂಬುದು ಇಲ್ಲಿ ಪ್ರಸ್ತುತವಾದ ಸಂಗತಿ, ಏಕೆಂದರೆ ಮುಂದೆ ಬೆಳಕಿನ ಗಡಿಯಾರವನ್ನೂ ಉಪಗ್ರಹದ ಗಡಿಯಾರವನ್ನೂ ರೂಪಿಸಿದ ಪ್ರಮುಖ ಕಂಪನಿಗಳಲ್ಲಿ ಸಿಟಿಜನ್ ಒಂದು. 1969ರ ಡಿಸೆಂಬರ್ 25ರಂದು ಸೈಕೊ ಕಂಪನಿ ಟೋಕಿಯೊದಲ್ಲಿ ಆಸ್ಟ್ರಾನ್ ಎಂಬ ಮೊದಲ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರಾಟಕ್ಕಿಟ್ಟಿತು. ವಿದ್ಯುತ್ ಹರಿಸಿದಾಗ ಸ್ಥಿರವಾದ ವೇಗದಲ್ಲಿ ಕಂಪಿಸುವ ಕ್ವಾರ್ಟ್ಸ್ ಎಂಬ ಸ್ಫಟಿಕದ ಗುಣವನ್ನು ಬಳಸಿಕೊಂಡ, ಸೆಕೆಂಡಿಗೆ 8,192 ಸಲ ಕಂಪಿಸುವ ಹರಳಿದ್ದ ಆ ಗಡಿಯಾರ ತಿಂಗಳಿಗೆ 5 ಸೆಕೆಂಡು ಮಾತ್ರ ತಪ್ಪಬಹುದಿತ್ತು. ಬೆಲೆ 4,50,000 ಯೆನ್. ಹರಳಿನ ಗಡಿಯಾರಗಳು ಕೆಲವೇ ವರ್ಷಗಳಲ್ಲಿ ಅಗ್ಗವಾದವು, ಮತ್ತು ನಿಖರತೆಯ ಪ್ರಶ್ನೆ ಸಾಮಾನ್ಯ ಜನರ ಮಟ್ಟಿಗೆ ಅಲ್ಲಿಗೇ ಮುಗಿಯಿತು. ಉಳಿದದ್ದು ವಿಮಾನ ಇಳಿದ ಊರಿನ ಗಂಟೆ.

ಅದಕ್ಕೆ ಕಂಡುಕೊಂಡ ಯಾಂತ್ರಿಕ ಪರಿಹಾರಗಳು ಭಾರತೀಯನಿಗೆ ಅರ್ಧಂಬರ್ಧ ಮಾತ್ರ ಒದಗಿದವು. ಜಿನೀವಾದ ಲೂಯಿ ಕಾಟಿಯೆ 1931ರಲ್ಲಿ ರೂಪಿಸಿದ, ಊರುಗಳ ಹೆಸರಿನ ಬಳೆ ಮತ್ತು 24 ಗಂಟೆಗಳ ಬಳೆಯನ್ನು ಜೋಡಿಸಿದ ಗಡಿಯಾರವಾಗಲಿ, 1950ರ ದಶಕದಲ್ಲಿ ಪ್ಯಾನ್ ಆ್ಯಮ್ ವಿಮಾನ ಸಂಸ್ಥೆಯ ಪೈಲಟ್‌ಗಳಿಗೆಂದು ರೋಲೆಕ್ಸ್ ಹೊರತಂದ, ಎರಡನೆಯ ಊರಿನ ಗಂಟೆ ತೋರಿಸುವ ಹೆಚ್ಚುವರಿ ಮುಳ್ಳಿನ ಗಡಿಯಾರವಾಗಲಿ, ಜಗತ್ತು ಇಡೀ ಗಂಟೆಗಳ ಅಂತರದಲ್ಲಿ ವಿಂಗಡವಾಗಿದೆ ಎಂಬ ಎಣಿಕೆಯ ಮೇಲೆ ನಿಂತಿದ್ದವು. ಐದೂವರೆ ಗಂಟೆಯ ಭಾರತಕ್ಕೂ 1986ರಿಂದ ಐದೂಮುಕ್ಕಾಲು ಗಂಟೆಯನ್ನು ಅನುಸರಿಸುತ್ತಿರುವ ನೇಪಾಳಕ್ಕೂ ಆ ಎಣಿಕೆಯಲ್ಲಿ ಸರಿಯಾದ ಜಾಗವಿರಲಿಲ್ಲ.

ಮುಂದಿನ ಹೆಜ್ಜೆ ರೇಡಿಯೊ. 1955ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಸೀಸಿಯಂ ಪರಮಾಣು ಗಡಿಯಾರ ಸಿದ್ಧವಾಗಿ, 1967ರಲ್ಲಿ ಸೆಕೆಂಡಿನ ವ್ಯಾಖ್ಯೆಯೇ ಸೀಸಿಯಂ ಪರಮಾಣುವಿನ ಸ್ಪಂದನಕ್ಕೆ ಬದಲಾದ ಮೇಲೆ, ಪ್ರಮಾಣಕಾಲವನ್ನು ದೀರ್ಘ ರೇಡಿಯೊ ಅಲೆಗಳ ಮೂಲಕ ಪ್ರಸಾರ ಮಾಡುವ ಕೇಂದ್ರಗಳಿಗೆ ಹೊಸ ಬೆಲೆ ಬಂತು. ಫ್ರಾಂಕ್‌ಫರ್ಟ್ ಬಳಿಯ ಮೈನ್‌ಫ್ಲಿಂಗೆನ್‌ನಿಂದ 77.5 ಕಿಲೊಹರ್ಟ್ಸ್‌ನಲ್ಲಿ ಹೊರಡುವ ಸಂಕೇತವನ್ನು ಹಿಡಿಯುವ ಮೊದಲ ಕೈಗಡಿಯಾರವನ್ನು ಜರ್ಮನಿಯ ಯುಂಗ್‌ಹಾನ್ಸ್ ಕಂಪನಿ 1990ರಲ್ಲಿ ಮಾರುಕಟ್ಟೆಗೆ ತಂದಿತು. ಅದರ ಆಂಟೆನಾ ಇದ್ದದ್ದು ಚರ್ಮದ ಪಟ್ಟಿಯೊಳಗೆ. 1993ರಲ್ಲಿ ಸಿಟಿಜನ್ ಜಪಾನ್, ಬ್ರಿಟನ್, ಜರ್ಮನಿ ಮೂರೂ ಕಡೆಯ ಸಂಕೇತಗಳನ್ನು ಹಿಡಿಯುವ ಗಡಿಯಾರ ಮಾಡಿತು. ಈ ಗಡಿಯಾರಗಳ ಸ್ವಭಾವವನ್ನು ತಿಳಿಯಲು ಭೂಪಟ ನೋಡಿದರೆ ಸಾಕು. ಗೋಪುರಗಳು ಇದ್ದದ್ದು ಜರ್ಮನಿ, ಬ್ರಿಟನ್, ಅಮೆರಿಕದ ಕೊಲರಾಡೊ, ಜಪಾನ್, ಚೀನಾ ಮುಂತಾದ ಕೆಲವೇ ಕಡೆ, ಮತ್ತು ಒಂದೊಂದರ ವ್ಯಾಪ್ತಿ ಸಾವಿರ, ಎರಡು ಸಾವಿರ ಕಿಲೊಮೀಟರು. ಬೆಂಗಳೂರು, ನೈರೋಬಿ, ಸಿಡ್ನಿ ಇವೆಲ್ಲ ಆ ವರ್ತುಲಗಳ ಆಚೆ. ಶ್ರೀಮಂತ ದೇಶಗಳ ನಡುವೆ ಓಡಾಡುವವನಿಗೆ ರೇಡಿಯೊ ಗಡಿಯಾರ ಅಚ್ಚರಿಯ ವಸ್ತು. ಭಾರತಕ್ಕೆ ಬಂದಿಳಿದ ಕ್ಷಣದಿಂದ ಅದು ಬರೀ ಕ್ವಾರ್ಟ್ಸ್ ಗಡಿಯಾರ. ಗೋಪುರ ಕೆಟ್ಟರೆ ಏನಾಗುತ್ತದೆ ಎಂಬುದನ್ನು ಜಪಾನ್ 2011ರ ಮಾರ್ಚ್‌ನಲ್ಲಿ ಕಂಡಿತು: ಅಪಘಾತಕ್ಕೀಡಾದ ಫುಕುಶಿಮಾ ಅಣುಸ್ಥಾವರದಿಂದ 20 ಕಿಲೊಮೀಟರಿಗಿಂತ ಕಡಿಮೆ ದೂರದಲ್ಲಿದ್ದ ಓತಾಕಾದೊಯಾ ಬೆಟ್ಟದ ಪ್ರಸಾರ ಕೇಂದ್ರವನ್ನು ಸಿಬ್ಬಂದಿ ಬಿಟ್ಟು ಹೊರಡಬೇಕಾಗಿ ಬಂದು, ಪೂರ್ವ ಜಪಾನಿನ ಸಮಯ ಸಂಕೇತ ಏಪ್ರಿಲ್‌ವರೆಗೆ ನಿಂತುಹೋಯಿತು. ಸಿಟಿಜನ್ ತನ್ನ ಉಪಗ್ರಹ ಗಡಿಯಾರವನ್ನು ಸ್ವಿಟ್ಜರ್ಲೆಂಡಿನ ಬಾಸೆಲ್ ಮೇಳದಲ್ಲಿ ತೋರಿಸಿದ್ದು ಅದೇ ತಿಂಗಳಲ್ಲಿ. ಇದು ಕಾಕತಾಳೀಯವೇ, ಅಂಥ ಯಂತ್ರ ಒಂದು ತಿಂಗಳಲ್ಲಿ ಹುಟ್ಟುವಂಥದ್ದಲ್ಲ.

ಬೆಳಕಿನ ಗಡಿಯಾರದ ಕಥೆ ಬೇರೊಂದು ಹಾದಿಯಲ್ಲಿ ನಡೆದಿತ್ತು. ಅಮೆರಿಕದ ಬೆಲ್ ಪ್ರಯೋಗಾಲಯವು 1954ರಲ್ಲಿ ಸಿಲಿಕಾನ್ ಸೌರಕೋಶವನ್ನು ಪ್ರದರ್ಶಿಸಿತು. 1970ರ ದಶಕದ ಆರಂಭದಲ್ಲಿ ಅಮೆರಿಕದ ರೋಜರ್ ರೀಲ್ ಸಿಂಕ್ರೊನಾರ್ ಎಂಬ ಸೌರ ಕೈಗಡಿಯಾರವನ್ನು ಮಾಡಿದ. 1976ರಲ್ಲಿ ಸಿಟಿಜನ್ ಮುಳ್ಳುಗಳುಳ್ಳ ಮೊದಲ ಸೌರ ಗಡಿಯಾರವನ್ನು ತಂದಿತು. ಸೌರಕೋಶಗಳು ಡಯಲಿನ ಮೇಲೆಯೇ ಕಾಣುತ್ತಿದ್ದುದರಿಂದ ಅದು ನೋಡಲು ಗಡಿಯಾರಕ್ಕಿಂತ ಉಪಕರಣದಂತಿತ್ತು. ಬೆಳಕು ತೂರಿಹೋಗುವ ಡಯಲನ್ನು ರೂಪಿಸಿ ಕೋಶವನ್ನು ಅದರ ಕೆಳಗೆ ಮರೆಮಾಡುವುದು ಸಾಧ್ಯವಾದ ಮೇಲೆ, 1995ರಿಂದ ಇಕೊ ಡ್ರೈವ್ ಎಂಬ ಹೆಸರಿನಲ್ಲಿ ಆ ಕಂಪನಿಯ ಬೆಳಕಿನ ಗಡಿಯಾರಗಳು ಮನೆಮಾತಾದವು. ಕೋಣೆಯ ದೀಪದ ಬೆಳಕೂ ಅವುಗಳಿಗೆ ಆದೀತು. ಸೆಲ್ ಬದಲಿಸಲು ಹಿಂಬದಿಯ ಮುಚ್ಚಳವನ್ನು ಪದೇಪದೇ ತೆರೆಯಬೇಕಾಗಿಲ್ಲದ್ದರಿಂದ ನೀರು, ದೂಳು ಒಳಸೇರುವ ಭಯವೂ ಕಡಿಮೆಯಾಯಿತು.

ಈ ಎರಡು ಹಾದಿಗಳು ಕೂಡಲೇಬೇಕಾದದ್ದು ಉಪಗ್ರಹದ ಕಾರಣದಿಂದ. ಜಿಪಿಎಸ್ ಎಂಬ ಅಮೆರಿಕದ ಸ್ಥಾನಸೂಚಕ ವ್ಯವಸ್ಥೆಯ ಮೊದಲ ಉಪಗ್ರಹ 1978ರಲ್ಲಿ ಹಾರಿತು, ವ್ಯವಸ್ಥೆ ಪೂರ್ಣಗೊಂಡದ್ದು 1995ರಲ್ಲಿ. ಸುಮಾರು 20,200 ಕಿಲೊಮೀಟರು ಎತ್ತರದಲ್ಲಿ ಸುತ್ತುವ ಆ ಉಪಗ್ರಹಗಳು ವಾಸ್ತವವಾಗಿ ಹಾರುವ ಪರಮಾಣು ಗಡಿಯಾರಗಳು. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದಂತೆ ಅಲ್ಲಿನ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡು ಮುಂದೋಡುವುದರಿಂದ ಅದನ್ನು ಮೊದಲೇ ತಗ್ಗಿಸಿ ಕಳಿಸಲಾಗುತ್ತದೆ. ಸಮಯ ಮಾತ್ರ ಬೇಕಿದ್ದರೆ ಒಂದೇ ಉಪಗ್ರಹ ಸಾಕು, ಏಕೆಂದರೆ ಸಂಕೇತ ನೆಲ ಮುಟ್ಟಲು ತೆಗೆದುಕೊಳ್ಳುವ ಕಾಲ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ, ಅದರ ಅಂದಾಜಿನಲ್ಲಿ ಆಗುವ ತಪ್ಪು ಕಣ್ಣಿಗೆ ಕಾಣದು. ತಾನೆಲ್ಲಿದ್ದೇನೆ ಎಂದು ಅರಿಯಲು ನಾಲ್ಕು ಉಪಗ್ರಹಗಳು ಬೇಕು. ಸಿಟಿಜನ್‌ನ 2011ರ ಗಡಿಯಾರ ಸಮಯವನ್ನಷ್ಟೇ ಪಡೆಯುತ್ತಿತ್ತು, ಊರನ್ನು ತೊಟ್ಟವನೇ ಆರಿಸಬೇಕಾಗಿತ್ತು. 2012ರಲ್ಲಿ ಸೈಕೊ ತನ್ನ 1969ರ ಗಡಿಯಾರದ ಹೆಸರನ್ನೇ ಮತ್ತೆ ಇಟ್ಟು ತಂದ ಆಸ್ಟ್ರಾನ್ ನಾಲ್ಕನ್ನೂ ಕಂಡು, ತನ್ನ ಸ್ಥಾನವನ್ನು ಗುರುತಿಸಿ, ಸುಮಾರು 10 ಲಕ್ಷ ಚೌಕಗಳಾಗಿ ವಿಂಗಡಿಸಿದ ಭೂಪಟವನ್ನು ತನ್ನ ನೆನಪಿನಲ್ಲಿ ನೋಡಿ, ಆಗ ಬಳಕೆಯಲ್ಲಿದ್ದ 39 ಕಾಲವಲಯಗಳಲ್ಲಿ ಸರಿಯಾದದ್ದಕ್ಕೆ ಮುಳ್ಳುಗಳನ್ನು ತಿರುಗಿಸುತ್ತಿತ್ತು. ಒಂದು ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಭಾರತದ ಅರ್ಧ ಗಂಟೆ, ನೇಪಾಳದ ಮುಕ್ಕಾಲು ಗಂಟೆ ಎರಡೂ ಅದಕ್ಕೆ ಸಮಾನ.

ಹೀಗೆ ಮಾಡಲು ಬೇಕಾದ ವಿದ್ಯುತ್ತು ಸಾಮಾನ್ಯ ಗಡಿಯಾರಕ್ಕೆ ಹೋಲಿಸಿದರೆ ಅಪಾರ. ಆದ್ದರಿಂದ ಅದರ ಇಡೀ ವಿನ್ಯಾಸವೇ ಮಿತವ್ಯಯದ ವಿನ್ಯಾಸ: ಸ್ಥಾನವನ್ನು ಕೇಳಿದಾಗ ಮಾತ್ರ ಹುಡುಕುತ್ತದೆ, ಡಯಲಿನ ಮೇಲೆ ಪ್ರಖರ ಬೆಳಕು ಬಿದ್ದಾಗ ತಾನು ಬಯಲಿನಲ್ಲಿದ್ದೇನೆಂದು ಊಹಿಸಿ ದಿನಕ್ಕೊಮ್ಮೆ ಸಮಯವನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಲೋಹವು ಅಲೆಗಳನ್ನು ತಡೆಯುವುದರಿಂದ ಗಾಜಿನ ಸುತ್ತಲಿನ ಬಳೆಯನ್ನು ಪಿಂಗಾಣಿಯಂಥ ಸೆರಾಮಿಕ್‌ನಲ್ಲಿ ಮಾಡಿ ಅದರ ಅಡಿಯಲ್ಲಿ ಉಂಗುರದಾಕಾರದ ಆಂಟೆನಾ ಇಟ್ಟರು. ಭೂಮಿಯ ಸುತ್ತುವಿಕೆ ಪರಮಾಣು ಕಾಲಕ್ಕಿಂತ ಹಿಂದೆ ಬಿದ್ದಾಗ, ಚಾಂದ್ರಮಾನಕ್ಕೆ ಅಧಿಕಮಾಸ ಸೇರಿಸುವಂತೆ, ಲೋಕದ ಗಡಿಯಾರಗಳಿಗೆ ಸೇರಿಸುವ ಲೀಪ್ ಸೆಕೆಂಡನ್ನು ಜಿಪಿಎಸ್ ಕಾಲ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 2017ರಿಂದ ಲೋಕದ ಗಡಿಯಾರಗಳಿಗೂ ಜಿಪಿಎಸ್ ಕಾಲಕ್ಕೂ ಇರುವ ಅಂತರ 18 ಸೆಕೆಂಡು. ಆ ಅಂತರ ಎಷ್ಟೆಂಬ ಸೂಚನೆಯನ್ನು ಉಪಗ್ರಹಗಳು ಹನ್ನೆರಡೂವರೆ ನಿಮಿಷಕ್ಕೊಮ್ಮೆ ಮಾತ್ರ ಪ್ರಸಾರ ಮಾಡುವುದರಿಂದ, ಗಡಿಯಾರವು ಅದನ್ನು ಕಾದು ಹಿಡಿದು ನೆನಪಿಟ್ಟುಕೊಳ್ಳಬೇಕು.

ಮೊಬೈಲ್ ಫೋನು ಇಷ್ಟನ್ನೂ ಪುಕ್ಕಟೆಯಾಗಿ ಮಾಡುವಾಗ ದುಬಾರಿ ಗಡಿಯಾರವೇಕೆ ಎಂಬ ಆಕ್ಷೇಪ ಮೊದಲಿನಿಂದಲೂ ಇದೆ, ಮತ್ತು ಅದು ಬಹುಪಾಲು ಸರಿಯಾದದ್ದೇ. ನೆಟ್‌ವರ್ಕ್ ಇಲ್ಲದ ಮರುಭೂಮಿ, ಕಡಲು, ಪರ್ವತಗಳಲ್ಲಿ ತಿಂಗಳುಗಟ್ಟಲೆ ಇರುವವರಿಗೆ, ಚಾರ್ಜರು ಹುಡುಕುವ ಗೋಜು ಬೇಡವೆನ್ನುವವರಿಗೆ ಗಡಿಯಾರದ ಪರವಾದ ವಾದ ಗಟ್ಟಿ. ಉಳಿದವರ ವಿಷಯದಲ್ಲಿ ಯಂತ್ರಕೌಶಲದ ಮೇಲಿನ ಮೋಹವೂ ಕೆಲಸ ಮಾಡಿದೆ. ಫೋನಿನ ಮೇಲುಗೈ ಇನ್ನೊಂದು ಕಡೆ ಹೆಚ್ಚು ಸ್ಪಷ್ಟವಾಗಿ ಕಂಡಿತು. ಗಡಿಯಾರದೊಳಗಿನ ಭೂಪಟವು ಕಾರ್ಖಾನೆಯಲ್ಲಿ ಮುದ್ರಿತವಾದ ದಿನದ ಶಾಸನವನ್ನು ಮಾತ್ರ ಬಲ್ಲದು. ಸಮೋವಾ ದೇಶವು 2011ರ ಡಿಸೆಂಬರ್ 30ನ್ನು ಕ್ಯಾಲೆಂಡರಿನಿಂದಲೇ ಬಿಟ್ಟು ದಿನರೇಖೆಯ ಇನ್ನೊಂದು ಬದಿಗೆ ಹೋಯಿತು. ರಷ್ಯಾ 2014ರಲ್ಲಿ ತನ್ನ ವಲಯಗಳನ್ನು ತಿರುಗಿ ಬದಲಿಸಿತು. ಉತ್ತರ ಕೊರಿಯಾ 2015ರಲ್ಲಿ ಅರ್ಧ ಗಂಟೆ ಹಿಂದೆ ಸರಿದು 2018ರಲ್ಲಿ ಮತ್ತೆ ಮುಂದೆ ಬಂತು. ವೆನೆಜುವೆಲಾ 2007ರಲ್ಲಿ ಕೈಗೊಂಡ ಅರ್ಧ ಗಂಟೆಯನ್ನು 2016ರಲ್ಲಿ ಕೈಬಿಟ್ಟಿತು. ತಾನೆಲ್ಲಿದ್ದೇನೆ ಎಂಬುದನ್ನು ಸರಿಯಾಗಿ ಕಂಡುಕೊಂಡ ಗಡಿಯಾರವೂ ಅಂಥ ಊರುಗಳಲ್ಲಿ ತಪ್ಪು ಗಂಟೆಯನ್ನು ತೋರಿಸಬಲ್ಲದು. ಬ್ಲೂಟೂತ್ ಮೂಲಕ ಫೋನಿನಿಂದ ಹೊಸ ವಲಯಗಳನ್ನು ಪಡೆಯುವ ಗಡಿಯಾರಗಳು ಬಂದದ್ದು ಈ ಕೊರತೆಯನ್ನು ತುಂಬಲು.

ಉಪಗ್ರಹ ಕಾಲದ ಒಡೆತನ ಈಗ ಒಂದೇ ದೇಶದ್ದಾಗಿ ಉಳಿದಿಲ್ಲ. ಭಾರತದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ 2013ರಲ್ಲಿ ಹಾರಿತು, ಅದರ ಕಾಲಗಣನೆಗೆ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ಇಸ್ರೊದ ಕೇಂದ್ರವಿದೆ. ಆ ಉಪಗ್ರಹಗಳ ಆಮದಾದ ಪರಮಾಣು ಗಡಿಯಾರಗಳಲ್ಲಿ ಹಲವು ಕೆಟ್ಟುಹೋದವು. 2023ರ ಮೇ 29ರಂದು ಹಾರಿಸಿದ ಎನ್‌ವಿಎಸ್-01 ಉಪಗ್ರಹದಲ್ಲಿ ಅಹಮದಾಬಾದಿನಲ್ಲಿ ರೂಪಿಸಿದ ರುಬಿಡಿಯಂ ಗಡಿಯಾರವನ್ನು ಇಡಲಾಯಿತು, ಮತ್ತು ಹಿಂದಿನ ಉಪಗ್ರಹಗಳಲ್ಲಿ ಇಲ್ಲದಿದ್ದ ಎಲ್1 ಎಂಬ ತರಂಗಪಟ್ಟಿಯನ್ನು ಸೇರಿಸಲಾಯಿತು. ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ಮಾಡುವ, ಮಣಿಕಟ್ಟಿನ ಮೇಲೆ ಹಿಡಿಸುವಷ್ಟು ಸಣ್ಣ ಉಪಕರಣಗಳು ಸಾಮಾನ್ಯವಾಗಿ ಆಲಿಸುವುದು ಆ ಪಟ್ಟಿಯನ್ನೇ.